ಕಾಕಾರ ವಿಂಡೋಸ್ 7

ನುಡಿಯಲ್ಲಿ ಟೈಪಾದ ಹಳೇ ಫೈಲುಗಳನ್ನು ಯೂನಿಕೋಡಿಗೆ ತಿರುಗಿಸೋ ಒಂದು ಓಪನ್ ಸೋರ್ಸ್ ತಂತ್ರಾಂಶ ಬರೀತಿದ್ದೀವಿ, ಮೂವರು ಗೆಳೆಯರು. ಒಬ್ಬ ರಸ್ಟ್ ಅಂದ, ಇನ್ನೊಬ್ಬ ಪೈಥಾನ್. ಬೆಂಗಳೂರಲ್ಲಿ ಮ್ಯಾಕ್‌ಬುಕ್ ಮುಂದೆ ಕೂತಾಗ ಎರಡೂ ಸರಿಯೇ. ಆದರೆ ಬಳಸಬೇಕಾದವರು ವಿಜಯಪುರದ ಜಲನಗರದಲ್ಲಿ ಡಿಟಿಪಿ ಅಂಗಡಿ ಇಟ್ಟಿರುವ ನಮ್ಮ ಕಾಕಾ. ಅವರದು ಇನ್ನೂ ವಿಂಡೋಸ್ 7. ಪೈಥಾನ್ 3.9ರಿಂದ ಅದರ ಮೇಲೆ ನಡೆಯಲ್ಲ. ಗೋ 1.21, ರಸ್ಟ್ 1.78 ಬಂದ ಮೇಲೆ ಅವೂ ಮಾಮೂಲಿಯಾಗಿ ವಿಂಡೋಸ್ 10 ಕೇಳ್ತವೆ.

"ಹೊಸಾ ಮಷೀನ್ ತಗೊಂಡ್ ಮ್ಯಾಲ ನಿನ್ನ ಸಾಫ್ಟ್‌ವೇರ್ ಪುಕ್ಕಟ ಹ್ಯಾಂಗಾತೋ ತಮ್ಮಾ?" ಅಂದರು ಕಾಕಾ.

ಕಡೆಗೆ ಜಾವಾಸ್ಕ್ರಿಪ್ಟ್. ಒಂದೇ ಎಚ್‌ಟಿಎಂಎಲ್ ಫೈಲು, ಪೆನ್‌ಡ್ರೈವಲ್ಲಿ ಹೋಗುತ್ತೆ, ಹಳೇ ಫೈರ್‌ಫಾಕ್ಸಲ್ಲೂ ತೆರೆಯುತ್ತೆ. ವೇಗ ಕಮ್ಮಿ, ನಿಜ. ಲಗ್ನಪತ್ರಿಕೆಗೆ ಅಷ್ಟು ಸಾಕು.

ನನಗೆ ಮುಖ್ಯ ಅನ್ನಿಸಿದ್ದು ಬೇರೆ. 'ಸೂರ್ಯ' ಬರೆಯುವಾಗ ನುಡಿಯ ಆಸ್ಕಿ ಫಾಂಟಿನಲ್ಲಿ ಅರ್ಕಾವತ್ತು 'ಯ' ಆದಮೇಲೆ ಬರುತ್ತೆ, ಯೂನಿಕೋಡಿನಲ್ಲಿ 'ರ್' ಮೊದಲು. ಈ ನಿಯಮ ರಸ್ಟಿನದೂ ಅಲ್ಲ, ಪೈಥಾನಿನದೂ ಅಲ್ಲ. ಅದಕ್ಕೇ ಅಕ್ಷರಗಳ ಪಟ್ಟಿಯನ್ನು ಕೋಡಿನಿಂದ ಬಿಡಿಸಿ ಬೇರೆ ಜೆಸಾನ್ ಫೈಲಲ್ಲಿಟ್ಟೆವು. ಬಿಲ್ಡ್ ಮಾಡುವಾಗಷ್ಟೇ ಎಚ್‌ಟಿಎಂಎಲ್ ಒಳಗೆ ಸೇರುತ್ತೆ. ಕಗಪ ಕೀಲಿಮಣೆ ವಿನ್ಯಾಸವೂ ಲಿನಕ್ಸ್‌ನ ಎಂ17ಎನ್‌ನಲ್ಲಿ, ವಿಕಿಮೀಡಿಯಾದ ಜೆಕ್ವೆರಿ ಐಎಂಇಯಲ್ಲಿ ಹೀಗೇ ಪಟ್ಟಿಯಾಗಿ ಕೂತಿದೆ. ನಾಳೆ ರಸ್ಟ್ ಗೆಳೆಯ ತನ್ನದೇ ಆವೃತ್ತಿ ಬರೆದರೂ ಪಟ್ಟಿ ಇದೇ.

ಕಾಕಾರ ಹಾರ್ಡ್‌ಡಿಸ್ಕ್ ಮಾತ್ರ ಈಗೀಗ ಟಕಟಕ ಅಂತಿದೆ. ಇಪ್ಪತ್ತು ವರ್ಷದ ಕವನ ಸಂಕಲನ, ಸ್ಮರಣ ಸಂಚಿಕೆ ಎಲ್ಲಾ ಅದರಲ್ಲೇ ಇವೆ. ಈ ಶನಿವಾರ ರಾತ್ರಿ ಬಸ್ಸಿಗೆ ಹೊರಟಿದ್ದೀನಿ, ಖಾಲಿ ಡಿಸ್ಕ್ ಹಿಡ್ಕೊಂಡು.