ಡ್ರಾಯ್ ಅಂದರೆ ಒಣ, ಅಷ್ಟೇನಾ?

2019ರ ಏಪ್ರಿಲ್ 23ಕ್ಕೆ ನಮ್ಮ ಸಾಂಗಲಿ ಲೋಕಸಭಾ ಕ್ಷೇತ್ರದ ಮತದಾನ ಇತ್ತು. ಹಿಂದಿನ ದಿನ ಬೆಳಿಗ್ಗೆ ಶಾಲೆಗೆ ಬರುವಾಗ ಹುಡುಗರು ರಸ್ತೆಬದಿಯ ಸೆರೆ ಅಂಗಡಿಯ ಬಾಗಿಲಿಗೆ ಅಂಟಿಸಿದ್ದ ಚೀಟಿ ಓದಿಕೊಂಡು ಬಂದಿದ್ದರು. ಅದರಲ್ಲಿ ಮರಾಠಿ ಅಕ್ಷರದಲ್ಲಿ 'ಡ್ರಾಯ್ ಡೇ' ಅಂತ ಬರೆದಿತ್ತು. ಐದನೆಯ ತರಗತಿಯ ಒಬ್ಬ ಬಂದವನೇ ಕೇಳಿದ: "ಸರ, ಇವತ್ತ ಟ್ಯಾಂಕರ ಬರಾಂಗಿಲ್ಲೇನ್ರಿ?"

ನಾವು ಮಾಸ್ತರರೆಲ್ಲ ನಕ್ಕೆವು. ಆಮೇಲೆ ನಗು ನಿಂತಿತು. ಜತ್ತ ತಾಲೂಕಿನ ಆ ಬರಗಾಲದಲ್ಲಿ ಊರಿಗೆ ನೀರು ಬರುತ್ತಿದ್ದದ್ದೇ ಟ್ಯಾಂಕರಿನಿಂದ. ಡ್ರಾಯ್ ಅಂದರೆ ಒಣ ಎಂದು ಕಲಿಸಿದವರೂ ನಾವೇ. ಕಲಿಸಿದ್ದನ್ನು ಅವನು ಬಳಸಿದ, ಅಷ್ಟೇ.

ಅವತ್ತಿನಿಂದ ಆ ಶಬ್ದದ ಬೆನ್ನು ಹತ್ತಿದೆವು ನೋಡಿ. ಇಂಗ್ಲಿಷಿನವರು ಎಲ್ಲಕ್ಕೂ ಅದೊಂದನ್ನೇ ಹಚ್ಚುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಮೆಣಸಿನಕಾಯಿ ಒಣಗುತ್ತದೆ, ಗಂಟಲು ಆರುತ್ತದೆ, ಬಾವಿ ಬತ್ತುತ್ತದೆ, ಹೊಲಕ್ಕೆ ಬಿದ್ದ ನೀರು ಇಂಗುತ್ತದೆ. ನೀರು ಹೇಗೆ ಹೋಯಿತು ಎನ್ನುವುದು ನಮ್ಮ ಕ್ರಿಯಾಪದದಲ್ಲೇ ಇದೆ. 'ವೆಲ್ ರ‍್ಯಾನ್ ಡ್ರಾಯ್' ಎಂಬುದಕ್ಕೆ ಒಬ್ಬಳು 'ಬಾವಿ ಒಣಗಿ ಓಡಿತು' ಎಂದು ಬರೆದಿದ್ದಳು! ಪಾಪ, ಅವಳ ತಪ್ಪೇನು?

ಡ್ರಾಯ್ ಫ್ರೂಟ್ಸ್‌ದು ಇನ್ನೊಂದು ಮಜಾ. ಮರಾಠಿಯಲ್ಲಿ ಅದಕ್ಕೆ 'ಸುಕಾ ಮೇವಾ' ಎನ್ನುತ್ತಾರೆ ಅಂದೆವು. ಕೂಡಲೇ ಹಿಂದಿನ ಸಾಲಿನಿಂದ ಉತ್ತರ ಬಂತು: "ಕಣಿಕಿರೀ ಸರ!" ಕನ್ನಡದ ಹುಡುಗನಿಗೆ ಮೇವು ಅಂದರೆ ದನದ ಮೇವೇ, ಒಣ ಮೇವು ಅಂದರೆ ಜೋಳದ ಕಣಿಕಿಯೇ. ಗೋಡಂಬಿ, ಬದಾಮಿ ಅವನ ತಲೆಗೆ ಎಲ್ಲಿಂದ ಬರಬೇಕು?

ಡ್ರಾಯ್ ವೈನ್ ಅಂದರೆ ಸಿಹಿ ಇಲ್ಲದ್ದಂತೆ. ಅದು ನಮ್ಮ ಪಾಠದಲ್ಲಿಲ್ಲ, ಬಿಡಿ. ಆದರೆ ಡ್ರಾಯ್ ಹ್ಯೂಮರ್ ನಮ್ಮನ್ನೇ ತಿಣುಕಾಡಿಸಿತು. ತಾನು ನಗದೆ ಎದುರಿನವರನ್ನು ನಗಿಸುವುದು ಅದು. 'ಒಣ ಹಾಸ್ಯ' ಎಂದು ಬರೆದರೆ ಅರ್ಥ ತಿರುಗಿ ನಿಲ್ಲುತ್ತದೆ. ಒಣ ಜಂಬ, ಒಣ ಉಪದೇಶ, ಒಣ ವೇದಾಂತ... ಕನ್ನಡದಲ್ಲಿ ಒಣ ಎಂದರೆ ಒಳಗೆ ಹುರುಳಿಲ್ಲದ್ದು ತಾನೆ?

ಅದೇ ವರ್ಷ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಸಾಂಗಲಿ ಪಟ್ಟಣಕ್ಕೆ ನೀರು ನುಗ್ಗಿತು. ನಾವು ಅದೇ ಜಿಲ್ಲೆಯವರು, ಮಳೆಗಾಗಿ ಮುಗಿಲು ನೋಡುತ್ತಿದ್ದೆವು. ಮಹಾರಾಷ್ಟ್ರದಲ್ಲಿ ಅತಿವೃಷ್ಟಿಗೆ 'ಓಲಾ ದುಷ್ಕಾಳ' ಅಂದರೆ ಹಸಿ ಬರ ಎನ್ನುತ್ತಾರೆ. ಮಳೆ ಬಾರದಿದ್ದರೆ 'ಕೋರಡಾ ದುಷ್ಕಾಳ'. ಇಂಗ್ಲಿಷಿನಲ್ಲಿ ಡ್ರಾಯ್ ಮತ್ತು ಡ್ರೌಟ್ ಒಂದೇ ಬೇರಿನ ಶಬ್ದಗಳು. ಹಾಗಾಗಿ ಅಲ್ಲಿ ಹಸಿ ಬರ ಎನ್ನುವುದು ಹೊಂದುವುದೇ ಇಲ್ಲ. ನಮ್ಮ ಜಿಲ್ಲೆಯಲ್ಲಿ ಎರಡೂ ಒಂದೇ ವರ್ಷ ಹೊಂದಿಕೊಂಡವು.

ಒಂದು ಮಾತು ಉಳಿದಿದೆ. ಆ ಬೇಸಿಗೆಯ ಪರೀಕ್ಷೆಯಲ್ಲಿ 'ದ ಕೌ ಈಸ್ ಡ್ರಾಯ್' ಎಂಬ ವಾಕ್ಯವನ್ನು ಕನ್ನಡಕ್ಕೆ ತರಲು ಕೊಟ್ಟಿದ್ದೆವು. 'ಆಕಳು ಹಾಲು ಬತ್ತಿಸಿದೆ' ಎಂಬುದು ಸರಿಯುತ್ತರ. ಒಬ್ಬ ಹುಡುಗಿ 'ಆಕಳು ಒಣಗಿದೆ' ಎಂದು ಬರೆದಿದ್ದಳು. ಕೆಂಪು ಮಸಿಯಲ್ಲಿ ಕಾಟು ಹೊಡೆದೆವು. ಪೇಪರು ಕೊಟ್ಟಾಗ ಅವಳು ಜಗಳಾಡಲಿಲ್ಲ, ಅಳಲೂ ಇಲ್ಲ.

"ನಮ್ಮ ಆಕಳಾ ಖರೇನ ಒಣಗೇದರಿ ಸರ. ಛಾವಣಿಯೊಳಗ ಐತಿ, ಬಂದ ನೋಡ್ರಿ" ಅಂದಳು.

ಸಂಜೆ ನಾವಿಬ್ಬರು ಮಾಸ್ತರರು ಮೇವಿನ ಛಾವಣಿಗೆ ಹೋದೆವು. ಅವಳಪ್ಪ ಕಣಿಕಿ ಹಾಕುತ್ತಿದ್ದರು. ನಮ್ಮನ್ನು ನೋಡಿ "ಬರ್ರಿ ಸರ, ಕುಂದರ್ರಿ" ಎಂದು ಗೋಣಿಚೀಲ ಹಾಸಿದರು. ಆಕಳ ಪಕ್ಕೆಲುಬು ಒಂದೊಂದಾಗಿ ಎಣಿಸಬಹುದಿತ್ತು. ಹುಡುಗಿ ಅದರ ಗಂಗೆದೊಗಲು ಸವರುತ್ತ ನಮ್ಮ ಮುಖ ನೋಡುತ್ತಿದ್ದಳು.

ಮರುದಿನ ಅವಳ ಪೇಪರು ತರಿಸಿಕೊಂಡು ಒಂದು ಅಂಕ ಕೂಡಿಸಿದೆವು.