ಬೆಸ ಮರಿ ಯಾರದು?

ನಮ್ಮವ್ವ ಊರೊಳಗಿನ ದೊಡ್ಡಮನೆಯ ಯಾಟೆಕೋಳಿಯನ್ನು ಪಾಲಿಗೆ ತಂದು ಸಾಕುತ್ತಿದ್ದಳು. ಕಾವಿಗೆ ಕೂರಿಸುವುದು, ನುಚ್ಚು ಹಾಕುವುದು, ಹದ್ದಿಗೆ ಕಲ್ಲು ಬೀರುವುದು ನಮ್ಮ ಕೆಲಸ. ಮರಿ ದೊಡ್ಡವಾದ ಮೇಲೆ ಸಮಪಾಲು. ಹದ್ದು ಹೊತ್ತದ್ದು, ಕೊಕ್ಕರೆ ರೋಗಕ್ಕೆ ಸತ್ತದ್ದು ನಮ್ಮ ಪಾಲಿನವು. ಬೆಸ ಬಂದರೆ ಆ ಒಂದು ಮರಿ ಅವರದು. ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ಯಾರೂ ಮೀರುತ್ತಲೂ ಇರಲಿಲ್ಲ.

ನಾವು ಅಣ್ಣ ತಂಗಿ ಡಿಗ್ರಿ ಮುಗಿಸಿ ಕೇರಿಗೆ ವಾಪಸು ಬಂದೆವು. ನಮ್ಮಟ್ಟೀಲಿ ಕಾಲೇಜು ಕಂಡ ಮೊದಲಿಗರು. ಕೆಲಸ ಸಿಗಲಿಲ್ಲ. ಕೇರಿಯ ಎಂಟು ಮನೆಗಳಲ್ಲಿ ಈಗ ಸ್ವಂತ ಕೋಳಿ ಇವೆ. ಆದರೆ ಯಾಟೆ ಕೂರುವುದು ಹತ್ತು ಹನ್ನೆರಡು ಮೊಟ್ಟೆಯ ಮೇಲೆ. ಮರಿ ಕಟ್ಟಿಕೊಂಡು ತಿರುಗುವಷ್ಟು ದಿನ ಅದು ಮೊಟ್ಟೆ ಇಡುವುದಿಲ್ಲ. ಹಾಗಾಗಿ ಪೇಟೆಯ ಮೀನಿನಂಗಡಿಯವರು ಬಿಸಾಕಿದ್ದ ಥರ್ಮೋಕೋಲ್ ಪೆಟ್ಟಿಗೆ ತಂದೆವು. ಎಲ್‌ಇಡಿ ಬಲ್ಬು ಕಾವಿಗೆ ಸಾಲದು. ಹಳೇ ತಂತಿ ಬಲ್ಬು ಎರಡು, ಶಾಖ ಏರಿದರೆ ತಾನೇ ಆರಿಸುವ ಥರ್ಮೋಸ್ಟ್ಯಾಟು, ಸಣ್ಣ ಫ್ಯಾನು, ಒಂದು ಬಟ್ಟಲು ನೀರು, ಗಾಳಿಗೆ ತೂತು. 37.5 ಡಿಗ್ರಿ ಸೆಲ್ಸಿಯಸ್ ಕಾವು, 21 ದಿನ. ಈ ಯಾಟೆಗೆ ಒಡೆಯನಿಲ್ಲ ಅಂದುಕೊಂಡೆವು.

ಅವ್ವ ನಕ್ಕಳು. ‘ಯಾಟೆ ಇಲ್ದೆ ಮರಿ ಮಾಡ್ತೀರಾ? ಓದಿದ್ದು ಇದ್ಕೇಯಾ?’

ಹುಂಜ ತಿರುಗಾಡುವ ಆ ಎಂಟು ಮನೆಗಳಿಂದ ವಾರದೊಳಗಿನ 24 ಮೊಟ್ಟೆ ಕೂಡಿಸಿದೆವು. ಒಂದು ಮಗ್ಗುಲಿಗೆ ಪೆನ್ಸಿಲಿನ ಗೆರೆ, ಇನ್ನೊಂದಕ್ಕೆ ಸೊನ್ನೆ. ದಿನಕ್ಕೆ ಐದು ಸಲ ಮಗ್ಗುಲು ಬದಲಿಸಬೇಕು. ಇಲ್ಲದಿದ್ದರೆ ಒಳಗಿನ ಜೀವ ಪೊರೆಗೆ ಅಂಟಿಕೊಂಡು ಸಾಯುತ್ತದೆ. ಇದನ್ನು ನಾವು ದೊಡ್ಡದಾಗಿ ವಿವರಿಸಿದರೆ ಅವ್ವ, ‘ಯಾಟೆ ಕೊಕ್ಕಲ್ಲಿ ತಿರುವ್ತಾನೇ ಇರ್ತದಲ್ಲ, ಅದ್ಯಾವ ಇಸ್ಕೂಲ್ಗೆ ಹೋಗಿತ್ತು?’ ಅಂದಳು. ಏಳನೇ ದಿನ ಕತ್ತಲಲ್ಲಿ ಟಾರ್ಚು ಹಿಡಿದು, ರಕ್ತನಾಳ ಕಾಣದ ಐದನ್ನು ತೆಗೆದೆವು. ಅವ್ವ ಬುಡ್ಡಿದೀಪಕ್ಕೆ ಹಿಡಿದು ನೋಡುತ್ತಿದ್ದುದೂ ಇದನ್ನೇ.

ಹನ್ನೆರಡನೇ ರಾತ್ರಿ ಕರೆಂಟು ಹೋಯಿತು. ನಮಗೆ ಕೈಕಾಲು ಆಡಲಿಲ್ಲ. ಅವ್ವ ಎದ್ದು ನೀರು ಕಾಯಿಸಿ, ಸೀಸೆಗೆ ತುಂಬಿ, ಬಟ್ಟೆ ಸುತ್ತಿ ಪೆಟ್ಟಿಗೆಯೊಳಗಿಟ್ಟಳು. ಮೇಲೆ ತನ್ನ ಕಂಬಳಿ ಹೊದಿಸಿದಳು. ಬೆಳಗಿನ ತನಕ ಸೀಸೆ ಬದಲಿಸುತ್ತ, ಚಳಿಗೆ ನಡುಗುತ್ತ ಕೂತೇ ಇದ್ದಳು.

ಹದಿನೆಂಟನೇ ದಿನ ತಿರುವುವುದು ನಿಲ್ಲಿಸಿ, ಇನ್ನೊಂದು ಬಟ್ಟಲು ನೀರಿಟ್ಟೆವು. ತೇವ ಸಾಲದಿದ್ದರೆ ಪೊರೆ ಒಣಗಿ ಮರಿ ಸಿಕ್ಕಿಕೊಳ್ಳುತ್ತದೆ. 21ನೇ ದಿನ ಚಿಪ್ಪು ಒಡೆದವು. ಹನ್ನೊಂದು ಮರಿ. ಎಂಟು ಒಳಗೇ ಸತ್ತಿದ್ದವು. ಅವನ್ನು ಅವ್ವ ಹಿತ್ತಿಲಲ್ಲಿ ಹೂತಳು.

ಮೈ ಒಣಗಿದ ಮರಿಗಳನ್ನು ಬಲ್ಬಿನ ಕೆಳಗೆ ಬಿಡುವಾಗ ಅವ್ವ ಎಣಿಸಿದಳು. ಆರನ್ನು ಒಂದು ಕುಕ್ಕೆಗೆ, ಐದನ್ನು ಇನ್ನೊಂದಕ್ಕೆ ಹಾಕಿದಳು.

‘ಇದ್ಯಾಕವ್ವ?’

‘ಆರು ದೊಡ್ಡಮನೇವು.’

ಗೆಳೆಯರೆ, ಆ ಮನೆಯ ಮೊಟ್ಟೆ ಒಂದೂ ಇರಲಿಲ್ಲ. ಆದರೂ ಒಂದು ಗಳಿಗೆ ನಮಗೂ ಅದು ಸರಿಯಾದ ಲೆಕ್ಕವೇ ಅನ್ನಿಸಿತು. ನಮ್ಮ ಬಾಯಲ್ಲೂ ಮಾತು ಬರಲಿಲ್ಲ. ಅವ್ವನದು ರೂಢಿ ಅನ್ನಬಹುದು. ಓದಿದ ನಮ್ಮೊಳಗೂ ಆ ಪಾಲು ಕೂತಿತ್ತಲ್ಲ, ಅದು ನಾಚಿಕೆ.

ಆಮೇಲೆ ಹೇಳಿದೆವು: ‘ಯಾಟೆ ಅವರ್ದಲ್ಲ, ಮೊಟ್ಟೆ ಅವರ್ದಲ್ಲ. ಅವರ್ಗೆ ಯಾಕವ್ವ?’

ಅವ್ವ ಬಹಳ ಹೊತ್ತು ಕುಕ್ಕೆಗಳನ್ನೇ ನೋಡಿದಳು. ಐದನ್ನೂ ಎತ್ತಿ ಆರರ ಜೊತೆ ಬಿಟ್ಟಳು.

ಏಳನೇ ದಿನ ಕೊಕ್ಕರೆ ರೋಗದ ಲಸಿಕೆ ತಂದು ಕಣ್ಣಿಗೆ ಒಂದೊಂದು ಹನಿ ಬಿಟ್ಟೆವು. ಮರಿ ಹಿಡಿದುಕೊಟ್ಟವಳು ಅವ್ವ. ದೊಡ್ಡವಾದ ಮೇಲೆ ಮೊಟ್ಟೆ ಕೊಟ್ಟ ಎಂಟು ಮನೆಗೂ ಒಂದೊಂದು, ಉಳಿದವನ್ನು ಮಾರಿ ಮುಂದಿನ ಸಲದ ಖರ್ಚಿಗೆ ಅಂತ ಕೇರಿಯವರೆಲ್ಲ ಕೂತು ಮಾತಾಡಿದ್ದೇವೆ.

‘ಬೆಸ ಬಂದ್ರೆ?’ ಅಂದಳು ಅವ್ವ.

‘ಅದು ನಿಂದೇ ಕಣವ್ವ.’