ತುತ್ತೂರಿ ಮೊದಲೋ, ಕಸ್ತೂರಿ ಮೊದಲೋ

ಕನ್ನಡದಲ್ಲಿ ಪ್ರಾಸ ಹೊಂದಿಸುವುದು ಕಷ್ಟವಲ್ಲ, ತಪ್ಪಿಸಿಕೊಳ್ಳುವುದು ಕಷ್ಟ. ಕ್ರಿಯಾಪದ ವಾಕ್ಯದ ಕೊನೆಗೇ ಬಂದು ಕೂರುವ ಭಾಷೆ ಇದು. ಹಲ್ಲಿ ಬಂತು, ಗೋಡೆ ಹತ್ತಿತು, ಬಾಲ ಬಿತ್ತು ಎಂದರೆ ಸಾಕು, ಪದ್ಯ ಮುಗಿಯಿತು. ಮೈಸೂರಿನ ವಿದ್ಯಾರಣ್ಯಪುರಂನ ತಮ್ಮ ಮನೆಯ ಹಜಾರದಲ್ಲಿ ಭಾನುವಾರ ಬೆಳಗ್ಗೆ ಬೀದಿಯ ಮಕ್ಕಳನ್ನು ಕೂರಿಸಿಕೊಂಡು ಪದ್ಯ ಕಟ್ಟಿಸುವ ಈ ಲೇಖಕಿಗೆ ಮೊದಲು ಎದುರಾಗುವುದು ಈ ಅಗ್ಗದ ಪ್ರಾಸವೇ. ಏಳೆಂಟು ವರ್ಷದವರು ನಿಮಿಷಕ್ಕೊಂದು ಪದ್ಯ ಒಪ್ಪಿಸುತ್ತಾರೆ. ಎಲ್ಲದರಲ್ಲೂ ಏನೋ ಬಂತು, ಏನೋ ತಿಂತು, ಎಲ್ಲೋ ಹೋಯ್ತು. ಬಂದದ್ದು ಯಾರು, ಹೋದದ್ದು ಯಾಕೆ ಎಂದು ಕೇಳಿದರೆ, ‘ಗೊತ್ತಿಲ್ಲ ಮಿಸ್.’

ಮಿಸ್ ಆಗ ‘ತುತ್ತೂರಿ’ಯನ್ನು ಹೊರಗೆ ತೆಗೆಯುತ್ತಾರೆ. ಜಿ.ಪಿ. ರಾಜರತ್ನಂ ಎಳೆಯ ಮಕ್ಕಳಿಗೆ ಪಾಠ ಹೇಳುತ್ತಿದ್ದ ಕಾಲದಲ್ಲಿ ಪಠ್ಯದ ಪದ್ಯಗಳು ಹಿಡಿಸದೆ ತಾವೇ ಬರೆಯತೊಡಗಿದರು. ಅದರ ಫಲ ಈ ಪದ್ಯ. ಬಣ್ಣ ಬಳಿದ ತಗಡಿನ ಪೀಪಿ ಕೊಂಡ ಹುಡುಗನೊಬ್ಬ ಬೀಗುತ್ತಾ ಕೊಳದ ಬಳಿ ಹೋಗುತ್ತಾನೆ, ಪೀಪಿ ಜಾರಿ ನೀರಿಗೆ ಬೀಳುತ್ತದೆ, ಅದರ ದನಿ ಕಟ್ಟುತ್ತದೆ. ಹುಡುಗನ ಹೆಸರು ಕಸ್ತೂರಿ.

‘ಅವನಿಗೆ ಆ ಹೆಸರೇ ಯಾಕೆ?’ ಎಂದು ಮಿಸ್ ಕೇಳುತ್ತಾರೆ. ಒಂದು ಕ್ಷಣ ಯಾರೂ ಮಾತಾಡುವುದಿಲ್ಲ. ಆಮೇಲೆ ಯಾರೋ ಕಿರುಚುತ್ತಾರೆ: ‘ತುತ್ತೂರಿಗೆ ಕಸ್ತೂರಿ!’ ಕವಿಯ ಮನಸ್ಸಿನಲ್ಲಿ ಯಾವುದು ಮೊದಲು ಹುಟ್ಟಿತೋ ಕವಿಗೇ ಗೊತ್ತು. ಮಕ್ಕಳ ತೀರ್ಪು ಮಾತ್ರ ಖಚಿತ: ಪೀಪಿ ಮೊದಲು, ಹುಡುಗ ಆಮೇಲೆ. ಪ್ರಾಸ ಹುಡುಕಿಕೊಂಡು ಹೋದವರಿಗೆ ಒಬ್ಬ ಮನುಷ್ಯ ಸಿಕ್ಕಿದ. ಇಡೀ ಪಾಠ ಇಷ್ಟೇ.

ಇದೇ ಪದ್ಯವನ್ನು ಈ ಲೇಖಕಿ ಎಳವೆಯಲ್ಲಿ ಬಾಯಿಪಾಠ ಮಾಡಿ, ಶಾಲೆಯ ವಾರ್ಷಿಕೋತ್ಸವದಲ್ಲಿ ಕೈಕಾಲು ಕುಣಿಸಿ ಹಾಡಿದ್ದರು. ತಂದೆಗೆ 1912ರಲ್ಲಿ ಶುರುವಾದ, ಮಾನಂದವಾಡಿ ರಸ್ತೆಯ ರೇಷ್ಮೆ ನೇಯ್ಗೆ ಕಾರ್ಖಾನೆಯಲ್ಲಿ ಕೆಲಸ. ದಿನವಿಡೀ ಮಗ್ಗದ ಸದ್ದು ಕೇಳಿ ಮನೆಗೆ ಬಂದವರು ‘ಇನ್ನೊಂದ್ಸಲ ಹೇಳು ಪುಟ್ಟಿ’ ಎನ್ನುತ್ತಿದ್ದರು. ಹೇಳು ಎಂದವರು ಬಹಳ ಮಂದಿ, ನೀನೊಂದು ಕಟ್ಟು ಎಂದವರು ಒಬ್ಬರೂ ಇಲ್ಲ. ಆಗಿನ ತರಗತಿಯಲ್ಲಿ ಪದ್ಯವೆಂದರೆ ಒಪ್ಪಿಸುವ ವಸ್ತು.

ತರಗತಿ ಬದಲಾದದ್ದು ಆಮೇಲೆ. ಅದೇ ಮಾನಂದವಾಡಿ ರಸ್ತೆ ಹಿಡಿದು ಮುಂದೆ ಹೋದರೆ ಹೆಗ್ಗಡದೇವನಕೋಟೆ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಯುನಿಸೆಫ್ ನೆರವಿನಿಂದ 1995ರಲ್ಲಿ ‘ನಲಿ-ಕಲಿ’ ಎಂಬ ಕಲಿಕೆಯ ಪದ್ಧತಿ ಆರಂಭವಾಯಿತು. ಆಂಧ್ರದ ರಿಷಿವ್ಯಾಲಿ ಶಾಲೆಯ ಪ್ರಯೋಗವನ್ನು ಕಂಡುಬಂದ ಮೇಷ್ಟರುಗಳು ಕಲಿಕೆಯ ಕಾರ್ಡುಗಳನ್ನು ಮಾಡಿದರು. ಮಕ್ಕಳು ನೆಲದ ಮೇಲೆ ಗುಂಪಾಗಿ ಕೂತು ಹಾಡುತ್ತಾ, ಆಡುತ್ತಾ ಕಲಿತರು. ಒಂದು ತಾಲ್ಲೂಕಿನಲ್ಲಿ ಮೊದಲಾದದ್ದು ಆಮೇಲೆ ರಾಜ್ಯದ ಕಿರಿಯ ತರಗತಿಗಳಿಗೆಲ್ಲ ಹಬ್ಬಿತು. ಲೇಖಕಿಯ ಹಜಾರದಲ್ಲಿ ಕಾರ್ಡು ಇಲ್ಲ, ಚಾಪೆ ಮಾತ್ರ ಇದೆ.

ಅಗ್ಗದ ಪ್ರಾಸಕ್ಕೆ ಮದ್ದು ಹಳಗನ್ನಡದಲ್ಲೇ ಇತ್ತು. ನಮ್ಮ ಹಳೆಯ ಕವಿಗಳ ಪ್ರಾಸ ಸಾಲಿನ ಕೊನೆಯಲ್ಲಿರಲಿಲ್ಲ, ಮೊದಲಲ್ಲಿತ್ತು: ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಬೇಕು. ಶತಮಾನಗಳ ಕಾಲ ನಡೆದುಬಂದ ಈ ಕಟ್ಟನ್ನು ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಬಿಟ್ಟರು. ಹೊಸಗನ್ನಡ ಕಾವ್ಯ ಅವರ ಹಿಂದೆ ನಡೆಯಿತು. ಅವರು ಮಾಡಿದ್ದು ಸರಿಯೇ. ಹೇಳುವುದು ಏನೆಂದು ಗೊತ್ತಿರುವ ಕವಿಗೆ ಪ್ರಾಸ ಕಾಲಿಗೆ ತೊಡರುತ್ತದೆ. ಏನು ಹೇಳಬೇಕೋ ಇನ್ನೂ ಗೊತ್ತಿಲ್ಲದ ಮಗುವಿಗೆ ಅದೇ ಕೈಹಿಡಿದು ನಡೆಸುತ್ತದೆ. ಹಾಗಾಗಿ ಪೈಗಳು ಬಿಟ್ಟದ್ದನ್ನು ಮಿಸ್ ‘ಎರಡನೇ ಅಕ್ಷರದ ಆಟ’ ಎಂದು ಮಕ್ಕಳಿಗೆ ಕೊಟ್ಟರು.

ಒಂದು ಭಾನುವಾರದ ಅಕ್ಷರ ‘ಸ’. ಮೊದಲ ಪದ ಬಂದದ್ದು ‘ಕಸ’. ಬರಲೇಬೇಕಲ್ಲ, ವಿದ್ಯಾರಣ್ಯಪುರಂ ಎಂದರೆ ಊರಿನವರಿಗೆ ನೆನಪಾಗುವುದೇ ಸೂಯೇಜ್ ಫಾರ್ಮಿನ ಕಸದ ರಾಶಿ. ಹಸಿರು, ಬಿಸಿಲು, ಮೊಸರು, ಬಸವ ಬೆನ್ನಿಗೇ ಬಂದವು. ಅರ್ಧ ಗಂಟೆ ಜಗಳವಾಡಿ ಎಲ್ಲರೂ ಸೇರಿ ಕಟ್ಟಿದ್ದು ಇದು:

ಕಸದ ಗುಡ್ಡದ ಗಡ್ಡದ ಸಿದ್ದ
ಹಸಿರು ಕೊಡೆಯನು ಹಿಡಿದೇ ಎದ್ದ
ಬಿಸಿಲಿಗೆ ಹೆದರಿ ಬೆಟ್ಟಕೆ ನಡೆದ
ಬಸವನ ಹತ್ತಿರ ಹುಲ್ಲನು ಪಡೆದ

ಚಾಮುಂಡಿ ಬೆಟ್ಟದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದಿಂದ ಕೂತಿರುವ ಏಕಶಿಲಾ ನಂದಿಯನ್ನು ಪದ್ಯದೊಳಗೆ ಕರೆತರಬೇಕೆಂದು ಯಾರೂ ಯೋಚಿಸಿರಲಿಲ್ಲ. ‘ಸ’ ಬೇಕಾಗಿತ್ತು, ಬಸವ ಬಂದ.

ಪದ್ಯ ಮುಗಿದರೂ ಸಿದ್ದ ಮುಗಿಯುವುದಿಲ್ಲ. ಪ್ರಶ್ನೆಗಳು ಶುರುವಾಗುತ್ತವೆ. ಅವನು ಮಲಗುವುದೆಲ್ಲಿ? ಬಿಸಿಲೆಂದರೆ ಭಯವೇಕೆ? ಹುಲ್ಲನ್ನು ಅವನೇ ತಿಂದನೇ, ಮಾರಿದನೇ? ಒಬ್ಬಳು ಹುಡುಗಿ, ಅವನ ಗಡ್ಡದಲ್ಲಿ ಗುಬ್ಬಿ ಗೂಡು ಕಟ್ಟಿದೆ, ಮರಿಗಳಿಗೆ ಬಿಸಿಲು ತಾಗಬಾರದು, ಅದಕ್ಕೇ ಕೊಡೆ ಎಂದಳು. ಅಲ್ಲಿಂದ ಮುಂದಿನದು ಗದ್ಯದ ಕೆಲಸ. ಪ್ರಾಸವನ್ನು ಅಲ್ಲಿಗೇ ಬಿಟ್ಟುಬಿಡಬೇಕು. ಎಳೆದರೆ ಕಥೆ ಕುಂಟುತ್ತದೆ.

ಇಟಲಿಯ ಜಾನ್ನಿ ರೊದಾರಿ ಇಂಥದ್ದೇ ಆಟವಾಡಿಸಿದವರು. ಮಕ್ಕಳ ಸಾಹಿತ್ಯಕ್ಕೆ 1970ರಲ್ಲಿ ಆಂಡರ್ಸನ್ ಪ್ರಶಸ್ತಿ ಪಡೆದ ಈ ಲೇಖಕ, ಕಥೆ ಕಟ್ಟಿಸುವ ಬಗೆಯ ಕುರಿತು 1973ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಪದ, ನಾಯಿ ಮತ್ತು ಬೀರು ಎಂದಿಟ್ಟುಕೊಳ್ಳಿ, ಎದುರುಬದುರು ಇಟ್ಟರೆ ಮಗು ನಡುವೆ ಕಥೆ ಹೂಡುತ್ತದೆ ಎಂಬುದು ಅವರ ಅನುಭವ. ಕನ್ನಡದ ಮಗುವಿಗೆ ಕಸವನ್ನೂ ಬಸವನನ್ನೂ ಎದುರುಬದುರು ತಂದು ಇಡುವ ಕೆಲಸವನ್ನು ಪ್ರಾಸವೇ ಮಾಡುತ್ತದೆ.

ಪಾತ್ರಗಳು ಊರು ಬದಲಿಸುವುದೂ ಉಂಟು. ನಟ ಮೆಕ್ರೆಡಿಯ ಮಗ ಕಾಯಿಲೆ ಮಲಗಿದ್ದಾಗ, ಅವನು ಚಿತ್ರ ಬರೆದು ಹೊತ್ತು ಕಳೆಯಲೆಂದು ರಾಬರ್ಟ್ ಬ್ರೌನಿಂಗ್ ಹ್ಯಾಮೆಲಿನ್ ನಗರದ ಇಲಿಗಳನ್ನು ಹೊಳೆಗೆ ಸೆಳೆದ ಪೀಪಿಯವನ ಪದ್ಯ ಬರೆದರು; ಅಚ್ಚಾದದ್ದು 1842ರಲ್ಲಿ. 1920ರ ದಶಕದಲ್ಲಿ ಕುವೆಂಪು ಆ ಜರ್ಮನ್ ಊರನ್ನು ತುಂಗೆಯ ದಡಕ್ಕೆ ತಂದು ಬೊಮ್ಮನಹಳ್ಳಿ ಮಾಡಿದರು, ಪೀಪಿಯವನನ್ನು ಕಿಂದರಿಜೋಗಿ ಮಾಡಿದರು. ವಿದ್ಯಾರಣ್ಯಪುರಂನ ಮಕ್ಕಳು ಆ ಜೋಗಿಯನ್ನು ಈಗ ಸೂಯೇಜ್ ಫಾರ್ಮಿಗೆ ಕರೆದಿದ್ದಾರೆ. ಇಲಿಗಳ ಬದಲು ಪ್ಲಾಸ್ಟಿಕ್ ಚೀಲಗಳು ಅವನ ಹಿಂದೆ ಹೊರಡಬೇಕಂತೆ. ಅವುಗಳನ್ನು ಯಾವ ಹೊಳೆಗೂ ಹಾಕಬಾರದು ಎಂದು ಒಬ್ಬ ಕರಾರು ಹಾಕಿದ್ದಾನೆ. ಕಥೆ ಸದ್ಯಕ್ಕೆ ಅಲ್ಲೇ ನಿಂತಿದೆ.

ತರಗತಿ ಮುಗಿದಾಗ ಗೇಟಿನ ಹತ್ತಿರ ಅಮ್ಮಂದಿರು ಕಾಯುತ್ತಿರುತ್ತಾರೆ. ನೋಟ್‌ಬುಕ್ ತೆರೆದ ಕೂಡಲೇ ಬರುವ ಮಾತು ಬಹುಮಟ್ಟಿಗೆ ಒಂದೇ: ‘ಏನ್ ಮಿಸ್, ಒತ್ತಕ್ಷರ ಎಲ್ಲಾ ತಪ್ಪು ಬರ್ದಿದಾನೆ!’ ಅವರಲ್ಲಿ ಮಿಸ್ ಕೇಳಿಕೊಳ್ಳುವುದು ಇಷ್ಟು: ಮನೆಗೆ ಹೋದ ಮೇಲೆ ಮೊದಲು ಮಗುವಿನ ಬಾಯಿಂದಲೇ ಪದ್ಯ ಓದಿಸಿ, ಸಿದ್ದ ಆಮೇಲೆ ಏನಾದ ಎಂದು ಕೇಳಿ. ಕಾಗುಣಿತವನ್ನು ಸೋಮವಾರ ತಿದ್ದಿದರೂ ನಡೆಯುತ್ತದೆ.